ಒಲೆಯಿಲ್ಲದ ಕಟ್ಟಡದಲ್ಲಿ ಮೊದಲ ರೊಟ್ಟಿ

ಹೈದರಾಬಾದಿನಲ್ಲಿ ನೌಕರಿ ಸಿಕ್ಕಿದ್ದು ನನಗಲ್ಲ, ನನ್ನ ಹೆಂಡತಿಗೆ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಬೀದರಿನ ಅಂಚಿನ ನೌಬಾದದಲ್ಲಿ, ನಮ್ಮ ಓಣಿಯಲ್ಲಿ, ಸುದ್ದಿ ಉಲ್ಟಾ ಹರಡಿತ್ತು.

"ಪೇಪರಿನೋರೇ, ಹೈದರಾಬಾದಿಗಿ ವರ್ಗ ಆಯ್ತಂತ. ಪೇಢಾ ಎಲ್ಲದ?" ಎಂದರು ಕಿರಾಣಿ ಅಂಗಡಿಯವರು.

"ನನಗಲ್ಲರಿ. ನಮ್ಮ ಮನಿಯವರು ಹೋಗ್ಲಿಕತ್ತಾರ."

"ಮತ್ತ ನೀವು?"

"ನಾ ಇಲ್ಲೇ ಇರ್ತೇನಿ."

ತಕ್ಕಡಿ ಹಿಡಿದ ಅವರ ಕೈ ನಿಂತಿತು. ನನ್ನ ಮುಖ ನೋಡಿದರು, ತಕ್ಕಡಿಯಲ್ಲಿದ್ದ ಚಹಾಪುಡಿ ನೋಡಿದರು. "ಅಂದ್ರ ಇದು ಅರ್ಧಾ ಮಾಡ್ಲೇನ್ರಿ?"

ನಾನು ಒಂದು ಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ವರದಿಗಾರನಾಗಿದ್ದೆ, ಈಗ ಬೇರೆಯವರ ವರದಿ ತಿದ್ದುತ್ತೇನೆ. ಹೊಸಬರಿಗೆ ನಾನು ಹೇಳುವ ಮಾತು ಎರಡೇ. ಕಂಡದ್ದನ್ನು ಕಂಡೆ ಎಂದು ಬರೆಯಿರಿ, ಕೇಳಿದ್ದನ್ನು ಕೇಳಿದೆ ಎಂದು ಬರೆಯಿರಿ. ಇಲ್ಲಿಯೂ ಅದನ್ನೇ ಪಾಲಿಸುತ್ತೇನೆ. ಹನ್ನೊಂದನೇ ಮಹಡಿಯಲ್ಲಿ ಮೊದಲ ದಿನ ನಡೆದದ್ದನ್ನು ನಾನು ಕಂಡಿಲ್ಲ, ಅವಳ ಬಾಯಿಂದ ಕೇಳಿದ್ದೇನೆ. ಅಂತೆ ಎಂದು ಬರೆದದ್ದೂ ಕೇಳಿದ್ದೇ. ಉಳಿದದ್ದೆಲ್ಲ ಕಂಡದ್ದು.

ಅವಳ ತವರು ಔರಾದ ತಾಲೂಕಿನ ಒಂದು ಸಣ್ಣ ಊರು. ಏಳನೇ ತರಗತಿಯವರೆಗೆ ಸಾಲಿ. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರೆ ಎಂದು ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ನಾಲ್ಕು ಹೆಣ್ಣುಮಕ್ಕಳ ಜೊತೆ ಸೇರಿ ರೊಟ್ಟಿ ಮಾಡಿ ಮಾರಲು ಶುರು ಮಾಡಿದಳು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಹಲಬರ್ಗಾ ಕಡೆಯ ಜನ ಬಸ್ ಹತ್ತುವ ಮೊದಲು ಅವಳ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹೀಗೆ ಆರು ವರ್ಷ.

ಭಾಲ್ಕಿಯಲ್ಲೇ ಒಂದು ಮದುವೆಗೆ ಇವರು ರೊಟ್ಟಿ ಮಾಡಲು ಹೋಗಿದ್ದರು. ಹೈದರಾಬಾದಿನ ದೊಡ್ಡ ಕಂಪ್ಯೂಟರ್ ಕಚೇರಿಗಳಲ್ಲಿ ಊಟದ ಗುತ್ತಿಗೆ ಹಿಡಿದವರೊಬ್ಬರು ಆ ಮದುವೆಗೆ ಬಂದಿದ್ದರು. ಮೂರನೆಯ ರೊಟ್ಟಿ ತಿಂದವರು ಎಲೆ ಬಿಟ್ಟು ಎದ್ದು, ಅಡುಗೆ ನಡೆದಿದ್ದ ಚಪ್ಪರದ ಹಿಂದಕ್ಕೆ ಬಂದು, ಯಾರು ಮಾಡಿದ್ದು ಎಂದು ಕೇಳಿದರಂತೆ. ಒಂದು ವಾರಕ್ಕೆ ಫೋನ್ ಬಂತು. ಒಂದು ಕಚೇರಿಯ ಹನ್ನೊಂದನೇ ಮಹಡಿಯ ಊಟದ ಹಾಲಿನಲ್ಲಿ, ಉಣ್ಣುವವರ ಕಣ್ಣೆದುರೇ ರೊಟ್ಟಿ ತಟ್ಟಿ ಕೊಡಬೇಕು. ಮೂರು ದಿನ ನೋಡುತ್ತಾರೆ. ಸರಿ ಕಂಡರೆ ಕಾಯಂ. ಆಮೇಲೆ ಆರು ಹುಡುಗಿಯರನ್ನು ಕೊಡುತ್ತಾರೆ, ಅವರಿಗೆ ಇವಳೇ ಕಲಿಸಬೇಕು.

ಫೋನಿನ ಹಿಂದೆ ಒಂದು ಕಾಗದವೂ ಬಂತು. ಅವಳು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು.

"ಈ ಮನಿಗಿ ಇಷ್ಟು ವರ್ಷ ಬಂದ ಕಾಗದೆಲ್ಲಾ ನಿಮ್ಮ ಹೆಸರಿಗಿ. ಲೈಟ್ ಬಿಲ್ಲು, ಲಗ್ನಪತ್ರಿಕಿ ಎಲ್ಲಾ. ಇದೊಂದು ನನ್ನ ಹೆಸರಿಗಿ ಬಂದದ ನೋಡ್ರಿ."

"ಹೋಗ್ತಿ ಏನು?"

"ಮೂರು ದಿನದಾಗ ನಾಪಾಸ್ ಆದ್ರ ತಿರುಗಿ ಬರ್ತೇನಿ. ಹೋಗಲಾರದ ನಾಪಾಸ್ ಆಗೂದಿಲ್ಲ."

ಹೊರಡುವ ಹಿಂದಿನ ದಿನ ತವರಿನಿಂದ ಬಂದ ಬಿಳಿಜೋಳವನ್ನು ನೌಬಾದದ ಗಿರಣಿಯಲ್ಲಿ ಬೀಸಿಸಿದಳು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಸೀಳುತ್ತದೆ ಎಂದು ಅವಳ ಹೆದರಿಕೆ. ಪಕ್ಕದ ಮನೆಯ ಖಾಲಾ ಒಂದು ಬಿಳಿ ಬಟ್ಟೆ ತಂದುಕೊಟ್ಟರು. ತಮ್ಮ ಮನೆಯಲ್ಲಿ ಊಟಕ್ಕೆ ಹಾಸುತ್ತಿದ್ದ ದಸ್ತರಖಾನನ್ನು ಹರಿದು, ಅಂಚು ಹೊಲಿದು ಮಾಡಿದ್ದು. "ಹಿಟ್ಟಿಗಿ ಹೊಚ್ಚು. ಅಲ್ಲಿ ಏಸಿ ಗಾಳಿಗಿ ಒಣಗ್ತದ" ಎಂದರು. ಖಾಲಾ ಏಸಿ ಕಂಡದ್ದು ಬ್ಯಾಂಕಿನಲ್ಲಿ ಮಾತ್ರ. ಆದರೂ ಅವರ ಮಾತು ಸರಿಯಾಗಿಯೇ ಇತ್ತು.

ಆ ಮೂರು ದಿನದ ಮಟ್ಟಿಗೆ ನಾನೂ ರಜೆ ಹಾಕಿ ಜೊತೆಗೆ ಹೊರಟೆ. ಬೀದರಿನಿಂದ ಬಸ್ಸು ಜಹೀರಾಬಾದ್ ದಾಟಿ, ಪಟಾನಚೆರು ದಾಟಿ, ನಗರದ ಪಶ್ಚಿಮದ ಅಂಚು ಮುಟ್ಟಲು ನಾಲ್ಕು ತಾಸು ಸಾಕು. ಆ ಹಾದಿಯಲ್ಲಿ ನಾನು ಅದೆಷ್ಟೋ ಸಲ ಹೋಗಿದ್ದೇನೆ, ಆಸ್ಪತ್ರೆಗೆ, ಮದುವೆಗೆ, ಸುದ್ದಿಗೆ. ಎಲ್ಲ ಸಲವೂ ಹೈದರಾಬಾದಿನ ಹಳೆಯ ಊರಿಗೆ. ಆ ಕಚೇರಿಗಳಿರುವ ಕಡೆ ಕಾಲಿಟ್ಟಿರಲಿಲ್ಲ. ಲಿಂಗಂಪಲ್ಲಿಯಲ್ಲಿ ಖಟಕ ಚಿಂಚೋಳಿಯ ಪರಿಚಯದ ಹೆಣ್ಣುಮಗಳೊಬ್ಬಳು ಸಂಸಾರ ಮಾಡಿಕೊಂಡಿದ್ದಾಳೆ. ಅವಳ ಮನೆಯ ಮೇಲಿನ ಖೋಲಿ ಗೊತ್ತು ಮಾಡಿದ್ದೆವು. ಚೀಲ ಅಲ್ಲಿಟ್ಟು, ಆಟೋ ಹಿಡಿದು ಕಚೇರಿ ನೋಡಲು ಹೋದೆವು.

ಆಟೋ ತಿರುವಿನಲ್ಲಿ ತಿರುಗಿತು. ಇಬ್ಬರೂ ಆಟೋದ ಹೊರಗೆ ಬಗ್ಗಿದೆವು.

ಒಂದರ ಪಕ್ಕ ಒಂದು ಗಾಜಿನ ಗೋಪುರ. ಆಕಾಶ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ, ಯಾಕೆಂದರೆ ಗೋಡೆಯ ತುಂಬ ಆಕಾಶವೇ ಇತ್ತು. ಒಂದು ಮೋಡ ಒಂದು ಕಟ್ಟಡದಿಂದ ಹೊರಟು ಇನ್ನೊಂದಕ್ಕೆ ಹೋಯಿತು. ನಾನು ಹುಟ್ಟಿದ್ದು ಕೋಟೆಯ ಊರಿನಲ್ಲಿ, ದೊಡ್ಡ ಗೋಡೆಗಳು ನನಗೆ ಹೊಸವಲ್ಲ. ಆದರೆ ಕೋಟೆಯ ಗೋಡೆ ತಾನು ಎಷ್ಟು ಭಾರ ಎಂದು ತೋರಿಸುತ್ತದೆ. ಇವುಗಳಿಗೆ ಭಾರವೇ ಇದ್ದಂತಿರಲಿಲ್ಲ.

ಅವಳು ಕತ್ತೆತ್ತಿ ಬಹಳ ಹೊತ್ತು ನೋಡಿದಳು.

"ಇವುನ್ನ ಯಾರು ಒರಸ್ತಾರ್ರಿ?"

"ಏನು?"

"ಕಿಡಕಿ."

ಅದಕ್ಕೆ ಉತ್ತರವಾಗಿಯೇ ಎಂಬಂತೆ, ಮೇಲೆಲ್ಲೋ ಹಗ್ಗಕ್ಕೆ ಜೋತುಬಿದ್ದ ಇಬ್ಬರು ಕಾಣಿಸಿದರು. ಒರೆಸುತ್ತ, ಒರೆಸುತ್ತ ಅವರು ಮೋಡದ ಮೇಲೆ ನಡೆದಂತೆ ಪಕ್ಕಕ್ಕೆ ಸರಿದರು. ಇವಳು ಆಟೋದಲ್ಲೇ ಕೈಮುಗಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಆ ಮಧ್ಯಾಹ್ನ ಅಡುಗೆಯ ಉಸ್ತುವಾರಿ ನೋಡುವ ಮ್ಯಾನೇಜರ್ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ತೆಲುಗಿನವಳು, ಮೂವತ್ತರ ಒಳಗಿನ ಪ್ರಾಯ, ಸಮಾಧಾನದ ಹೆಣ್ಣುಮಗಳು. ನನಗೆ ಗೇಟಿನ ಆಚೆಗೆ ಪರವಾನಗಿ ಇರಲಿಲ್ಲ. ಒಂದೂವರೆ ತಾಸಿನ ನಂತರ ಇವಳು ಹೊರಬಂದಾಗ ಮುಖದಲ್ಲಿ ಬೆರಗು ಇತ್ತು, ಒಂದು ಚಿಂತೆಯೂ ಇತ್ತು.

"ಒಳಗ ಬೆಂಕಿನೇ ಇಲ್ಲರಿ."

"ಅಂದ್ರ?"

"ಕಡ್ಡಿ ಗೀರಂಗಿಲ್ಲ. ಗ್ಯಾಸ್ ಇಲ್ಲ. ಕರಿ ಗಾಜಿನ ಹಲಿಗಿ ಅದ, ಕರೆಂಟಿನದು. ಅಷ್ಟೇ ಕಾಯ್ತದ. ಇಷ್ಟು ಜನ ಉಣ್ಣೋ ಮನ್ಯಾಗ ಒಂದು ಉರಿ ಇಲ್ಲ."

ರೊಟ್ಟಿ ಉಬ್ಬುವುದು ಕೊನೆಗೆ ಉರಿಗೆ ಹಿಡಿದಾಗ. ಉರಿಯಿಲ್ಲದೆ ಅದನ್ನು ಉಬ್ಬಿಸಲು ಅವಳು ಒದ್ದೆ ಬಟ್ಟೆಯಿಂದ ಅಂಚು ಒತ್ತುತ್ತ, ತಿರುಗಿಸುತ್ತ ಅಭ್ಯಾಸ ಮಾಡಿದ್ದಳು. ಮೊದಲೆರಡು ಉಬ್ಬಲಿಲ್ಲ. ಮೂರನೆಯದು ಉಬ್ಬಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿದಳಂತೆ. ಹಾಗಾಗಿ ನಾಳೆಯ ಬಗ್ಗೆ ನಮಗೆ ಹೆದರಿಕೆ ಇರಲಿಲ್ಲ.

ಮರುದಿನ ಮುಂಜಾನೆ ಅವಳನ್ನು ಗೇಟಿನವರೆಗೆ ಬಿಟ್ಟು, ರಸ್ತೆಯ ಈಚೆಗೆ ಬೇವಿನ ಮರದ ಕೆಳಗಿದ್ದ ಚಹಾದ ಗಾಡಿಯ ಬಳಿ ಕುಳಿತೆ. ಊಟದ ಹೊತ್ತಿಗೆ ಇನ್ನೂ ಸಮಯವಿತ್ತು. ಎರಡನೆಯ ಚಹಾ ಮುಗಿಸುತ್ತಿದ್ದಾಗ ಎದುರಿನ ಕಟ್ಟಡ ಕೂಗಿತು. ಬೇರೆ ಪದ ನನಗೆ ಸಿಗುತ್ತಿಲ್ಲ. ಇಡೀ ಕಟ್ಟಡವೇ ಒಂದು ಗಂಟಲಾದಂತೆ ಏರಿ ಇಳಿದು ಏರಿ ಕೂಗಿತು. ಆಮೇಲೆ ಜನ ಬರತೊಡಗಿದರು.

ಚಾಳಿ ಬಿಡದು, ಕೈ ತಾನಾಗಿ ನೋಟ್‌ಬುಕ್ಕಿಗೆ ಹೋಯಿತು. ಬಾಗಿಲುಗಳಿಂದ ಜನ ಸಾಲಾಗಿ ಬಂದರು, ಮುಗಿಯದೆ ಬಂದರು. ಯಾರೂ ಓಡಲಿಲ್ಲ, ಯಾರೂ ನೂಕಲಿಲ್ಲ. ಹಳದಿ ಅಂಗಿ ತೊಟ್ಟವರು ಕೈಯೆತ್ತಿದ ಕಡೆಗೆ ಹೋಗಿ, ಹುಲ್ಲಿನ ಮೇಲೆ ಗೆರೆ ಎಳೆದ ಜಾಗದಲ್ಲಿ ನಿಂತರು. ಗರ್ಭಿಣಿಯೊಬ್ಬಳನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ನಾನು ಗುಂಪುಗಳನ್ನು ಬಹಳ ನೋಡಿದ್ದೇನೆ, ಸಭೆಯ ಗುಂಪು, ಗಲಾಟೆಯ ಗುಂಪು, ರೇಶನ್ನಿನ ಸಾಲು. ಅಷ್ಟು ಜನ ಒಟ್ಟಿಗೆ ಅಷ್ಟು ಶಾಂತವಾಗಿ ಜೀವ ಉಳಿಸಿಕೊಳ್ಳುವುದನ್ನು ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ಹೊಗೆ ಕಾಣುತ್ತಿಲ್ಲ. ಆಗ ಅವಳ ನೆನಪಾಯಿತು. ನನ್ನ ಹೆಂಡತಿ ಆ ಕಟ್ಟಡದಲ್ಲಿದ್ದಾಳೆ ಎನ್ನುವುದು ನನಗೆ ಎರಡನೆಯದಾಗಿ ಹೊಳೆಯಿತು. ಇದನ್ನು ಬರೆಯಲು ಸಂತೋಷವಿಲ್ಲ, ಆದರೆ ಹಾಗೇ ಆಯಿತು.

ಗೇಟಿನ ಕಡೆ ಓಡಿದೆ. ಕಾವಲಿನವನು ತಡೆದ. ಸರಳುಗಳ ಆಚೆ, ಕೊನೆಯ ಗುಂಪಿನಲ್ಲಿ ಅವಳು ಬರುತ್ತಿದ್ದಳು. ಖಾಲಾ ಕೊಟ್ಟ ಬಿಳಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಸೊಂಟದ ಮೇಲೆ ಕೂಸಿನಂತೆ ಎತ್ತಿಕೊಂಡಿದ್ದಳು. ಅದು ಹಿಟ್ಟಿನ ಮುದ್ದೆ. ಒಣಗೀತು ಎಂದು ಹನ್ನೊಂದು ಮಹಡಿ ಹೊತ್ತು ಇಳಿದಿದ್ದಳು.

"ಏನಾಯ್ತು?"

"ಆಗಿದ್ದು ನನ್ನಿಂದನೇರಿ."

ಅವಳು ಹೇಳಿದ್ದು ಇಷ್ಟು. ನಮ್ಮ ಮನೆಯಲ್ಲಿ ಅವಳು ದಿನದ ಮೊದಲ ರೊಟ್ಟಿ ತಟ್ಟುವ ಮುನ್ನ ಹಿಟ್ಟಿನ ಒಂದು ಚೂರಿಗೆ ತುಪ್ಪ ಸವರಿ ಒಲೆಗೆ ಹಾಕುತ್ತಾಳೆ. ಅವಳ ಅವ್ವ ಹಾಕುತ್ತಿದ್ದಳು, ಅವ್ವನ ಅವ್ವ ಹಾಕುತ್ತಿದ್ದಳು. ಉಣಿಸುವ ಬೆಂಕಿಗೆ ಮೊದಲು ಉಣಿಸಬೇಕು. ಅದು ಪೂರ್ತಿ ಕರ್ರಗಾಗುವವರೆಗೆ ಕಾದು, ಆಮೇಲೆ ರೊಟ್ಟಿಗೆ ಕೈ ಹಾಕಬೇಕು. ಹಿಂದಿನ ಮಧ್ಯಾಹ್ನ ಮಾಡಿದ್ದು ಬರೀ ಅಭ್ಯಾಸ, ಲೆಕ್ಕಕ್ಕಿಲ್ಲ. ಇವತ್ತು ಕೆಲಸದ ಮೊದಲ ದಿನ. ಉರಿ ಇಲ್ಲದ್ದಕ್ಕೆ ಅವಳು ಚೂರನ್ನು ಕೆಂಪಗೆ ಕಾದ ಗಾಜಿನ ಮೇಲೇ ಇಟ್ಟಿದ್ದಾಳೆ. ಹೊಗೆ ಎದ್ದಿದೆ. ಅವಳು ಕೈಮುಗಿದು, ಅದು ಕರ್ರಗಾಗಲಿ ಎಂದು ಕಾಯುತ್ತ ನಿಂತಿದ್ದಾಳೆ. ಮೇಲೆ ಛಾವಣಿಯಲ್ಲಿದ್ದ ಬಿಳಿ ಬಟ್ಟಲಿನಂಥ ಯಂತ್ರ ಆ ಹೊಗೆಯನ್ನು ಮೂಸಿ, ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿದೆ.

"ಇಷ್ಟೂ ಮಂದಿ ನನ್ನ ಒಂದು ಚೂರಿಗಿ ಇಳದಾರ್ರಿ" ಎಂದಳು. ಹುಲ್ಲಿನ ಮೇಲೆ ನಿಂತವರನ್ನು ತಿರುಗಿ ನೋಡಿದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. ನಾಚಿಕೆಗಿಂತ ಬೆರಗೇ ಹೆಚ್ಚಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದಳು. ಅವಳ ಮುಖ ಬಿಳಿಚಿತ್ತು. ಹಿಂದಿಯಲ್ಲಿ, ದನಿ ತಗ್ಗಿಸಿ ಹೇಳಿದಳು. "ಅಮ್ಮಾ, ನೀವು ಏನೂ ಹೇಳಬೇಡಿ. ಆ ಯಂತ್ರಗಳು ಒಮ್ಮೊಮ್ಮೆ ಸುಮ್ಮನೇ ಕೂಗುತ್ತವೆ. ಯಂತ್ರದ ದೋಷ ಅಂತ ಬರೆಸುತ್ತೇನೆ. ಇಲ್ಲದಿದ್ದರೆ ಮೊದಲ ದಿನವೇ ನಿಮ್ಮನ್ನು ಕಳಿಸಿಬಿಡುತ್ತಾರೆ."

ಆ ಹುಡುಗಿಯ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ನಾನೂ ಅದನ್ನೇ ಹೇಳಿದೆ. "ಸುಮ್ನಿರು. ಯಾರೂ ನೋಡಿಲ್ಲ."

ಅವಳು ನಮ್ಮಿಬ್ಬರನ್ನೂ ನೋಡಿದಳು. "ಯಂತ್ರ ಸುಳ್ಳು ಕೂಗ್ತು ಅಂತ ಇವತ್ತು ಹೇಳಿದ್ರ, ನಾಳಿ ಖರೇನೇ ಹತ್ತಿದಾಗ ಯಾರು ಇಳೀತಾರ? ಆ ಬಸುರಿ ಹೆಣ್ಣಮಗಳು ಇಳೀತಾಳೇನು?"

ಮ್ಯಾನೇಜರ್ ಕುರ್ಚಿಯಲ್ಲಿದ್ದ ಆ ಬಸುರಿಯ ಕಡೆ ತಿರುಗಿದಳು. 

ಕಟ್ಟಡದ ಸುರಕ್ಷತೆ ನೋಡುವ ಅಧಿಕಾರಿ ಐವತ್ತು ದಾಟಿದ ಮನುಷ್ಯ. ಗಡ್ಡಕ್ಕೆ ಮೆಹಂದಿ, ಕೈಯಲ್ಲಿ ವಾಕಿಟಾಕಿ. ಹಳೆಯ ಊರಿನವರು ಎಂದು ಮಾತಿನಲ್ಲೇ ತಿಳಿಯಿತು. ಹನ್ನೊಂದನೇ ಮಹಡಿಯಲ್ಲಿ ಯಾರಿದ್ದಿರಿ ಎಂದು ಅವರು ಕೇಳುವ ಮೊದಲೇ ಇವಳು ಮುಂದೆ ಹೋದಳು. ಹೇಳಿದ್ದು ದಖ್ಖನಿ ಉರ್ದುವಿನಲ್ಲಿ. ಅದು ಖಾಲಾ ಮತ್ತು ಇವಳು ಇಪ್ಪತ್ತು ವರ್ಷ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಆಡಿದ ಭಾಷೆ.

ಅವರು ಪೂರ್ತಿ ಕೇಳಿದರು. "ಕ್ಯಾ ಅಮ್ಮಾ!" ಎಂದರು. ಆಮೇಲೆ ಕೇಳಿದರು, "ಬೆಂಕಿಗೆ ಊಟ ಹಾಕಿದಿರಾ?"

"ಹೌ ಸಾಬ್."

"ನನ್ನ ಫಾರಮಿನಲ್ಲಿ ಶಾರ್ಟ್ ಸರ್ಕ್ಯೂಟಿಗೆ ಕಾಲಂ ಇದೆ, ಸಿಗರೇಟಿಗೆ ಕಾಲಂ ಇದೆ. ಬೆಂಕಿಗೆ ಊಟ ಹಾಕಿದ್ದಕ್ಕೆ ಕಾಲಂ ಇಲ್ಲ. ನೀವೇ ಬರೆದು ಕೊಡಿ. ಯಾವ ಭಾಷೆಯಾದರೂ ನಡೆಯುತ್ತದೆ."

ಗೇಟಿನ ಪಕ್ಕದ ಕಾವಲು ಕೋಣೆಗೆ ನನ್ನನ್ನೂ ಬಿಟ್ಟರು. ಅವಳ ಕೈಯೆಲ್ಲ ಹಿಟ್ಟು, ಹಾಗಾಗಿ ಬರೆಯುವ ಕೆಲಸ ನನಗೆ ಬಂತು. ನಾನು ಕನ್ನಡದಲ್ಲಿ ಬರೆದೆ: "ಊಟದ ಹಾಲಿನಲ್ಲಿ ಕಾರಣಾಂತರದಿಂದ ಹೊಗೆ ಕಾಣಿಸಿಕೊಂಡ ಹಿನ್ನೆಲೆಯಲ್ಲಿ ಯಂತ್ರ ಕೂಗಿತು." ಅವಳಿಗೆ ತೋರಿಸಿದೆ.

"ಹೊಗಿ ತಾನ ಬಂತೇನ್ರಿ?"

"ಹಂಗಲ್ಲ, ಸ್ವಲ್ಪ—"

"ಇಪ್ಪತ್ತೆಂಟು ವರ್ಷ ಮಂದಿ ಸುದ್ದಿ ಇದ್ದಂಗ ಬರದೀರಿ. ನನ್ನ ಸುದ್ದಿಗಿ ಯಾಕ ಕೈ ನಡಗ್ತದ?"

ಕಾರಣಾಂತರ, ಹಿನ್ನೆಲೆ. ಹೊಸಬರ ವರದಿಯಲ್ಲಿ ಈ ಎರಡು ಪದ ಕಂಡರೆ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತೇನೆ, ಯಾರು ಮಾಡಿದ್ದು ಬರಿ ಎನ್ನುತ್ತೇನೆ. ಆ ಹಾಳೆ ಹರಿದು ಹೊಸದು ತೆಗೆದುಕೊಂಡೆ. "ನಾನು ರೊಟ್ಟಿ ಮಾಡುವ ಮುನ್ನ ತುಪ್ಪ ಸವರಿದ ಹಿಟ್ಟಿನ ಚೂರನ್ನು ಕಾದ ಗಾಜಿನ ಮೇಲೆ ಇಟ್ಟೆ. ಅದು ಸುಟ್ಟು ಹೊಗೆ ಬಂತು. ನಾನು ತೆಗೆಯಲಿಲ್ಲ. ಇದು ನಮ್ಮ ಮನೆಯ ಪದ್ಧತಿ. ಯಂತ್ರ ಸರಿಯಾಗಿದೆ." ಅವಳು ಕೊನೆಯ ಸಾಲನ್ನು ಎರಡು ಸಲ ಓದಿ, ಹಿಟ್ಟಿನ ಕೈ ಸೆರಗಿಗೆ ಒರೆಸಿ, ಸಹಿ ಮಾಡಿದಳು.

ಅಧಿಕಾರಿ ಆ ಹಾಳೆಯ ಮೇಲೆ ಫೋನ್ ಹಿಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕೈಬರಹ ಪರದೆಯ ಮೇಲೆ ಇಂಗ್ಲಿಷಾಯಿತು, ಆಮೇಲೆ ಒಂದು ಹೆಣ್ಣಿನ ದನಿ ಅದನ್ನು ಹಿಂದಿಯಲ್ಲಿ ಓದಿತು. ತುಪ್ಪ, ಚೂರು, ಪದ್ಧತಿ, ಒಂದನ್ನೂ ಬಿಡಲಿಲ್ಲ. ಜಿಲ್ಲಾ ಕಚೇರಿಯಲ್ಲಿ ನನ್ನ ಅಕ್ಷರ ಓದಬಲ್ಲವರು ಇಬ್ಬರೇ. ಇಲ್ಲಿ ಒಂದು ಫೋನು ಓದಿತು.  ಮೊದಲ ಹಾಳೆ ಕೊಟ್ಟಿದ್ದರೂ ಅದು ಇಷ್ಟೇ ನಿಷ್ಠೆಯಿಂದ ನನ್ನ ಕಾರಣಾಂತರವನ್ನು ಓದುತ್ತಿತ್ತು.

"ಖೋಲಿಗೆ ಹೋಗಿರಿ. ಫೋನ್ ಬರುತ್ತದೆ" ಎಂದರು ಅಧಿಕಾರಿ.

ಲಿಂಗಂಪಲ್ಲಿಗೆ ಬಂದೆವು. ಅವಳು ಮುದ್ದೆಯನ್ನು ಮನೆಯೊಡತಿಯ ಅಡುಗೆಮನೆಗೆ ಒಯ್ದು, ಗ್ಯಾಸಿನ ಉರಿಗೆ ಒಂದು ಚೂರು ಹಾಕಿ, ಅದು ಕರ್ರಗಾಗುವುದನ್ನು ನೋಡಿ, ಇದ್ದ ಹಿಟ್ಟಿಗೆಲ್ಲ ರೊಟ್ಟಿ ಮಾಡಿದಳು. ಆ ಮನೆಯವರು, ಪಕ್ಕದವರು, ನಾವು, ಎಲ್ಲರೂ ಉಂಡೆವು.  ಹುದ್ದೆಯ ಕಾಗದ ಕಿಟಕಿಯ ಮೇಲಿತ್ತು. ಅವಳು ಅದನ್ನು ಮಡಿಚಿ ಚೀಲದ ತಳಕ್ಕೆ ಇಟ್ಟಳು, ಮತ್ತೆ ತೆಗೆದು ಕಿಟಕಿಯ ಮೇಲೇ ಇಟ್ಟಳು.

"ನಾಪಾಸ್ ಆದ್ರ ಊರಾಗ ಏನ್ ಹೇಳ್ತೀರಿ?"

"ಇದ್ದದ್ದು."

ಆಗ ನಕ್ಕಳು. ಆ ದಿನದ ಮೊದಲ ನಗು.

ಹೊತ್ತು ಇಳಿಯುವಾಗ ಫೋನ್ ಬಂತು. ಮ್ಯಾನೇಜರ್. ಗುತ್ತಿಗೆಯವರು ಸಿಟ್ಟಾಗಿದ್ದರಂತೆ, ಕಳಿಸಿಬಿಡಿ ಎಂದಿದ್ದರಂತೆ. ಸುರಕ್ಷತೆಯ ಅಧಿಕಾರಿ ಆ ಹಾಳೆಯನ್ನು ಅವರಿಗೆ ತೋರಿಸಿ, ತಾನೇ ಮಾಡಿದ್ದು ಎಂದು ತಾನಾಗಿ ಬಂದು ಹೇಳಿದವರನ್ನು ಈ ಕಟ್ಟಡದಲ್ಲಿ ನಾನು ಮೊದಲ ಸಲ ನೋಡಿದೆ ಎಂದರಂತೆ. ಕಾದ ಹಲಗೆಯನ್ನು ಹೊಗೆ ಎಳೆಯುವ ಕೊಳವೆಯ ಕೆಳಗೆ ಸರಿಸುತ್ತಾರೆ. ಆದರೆ ಸುಟ್ಟು ಕರ್ರಗಾಗಲೆಂದು ಏನನ್ನೂ ಇಡಬಾರದು. ನಾಳೆಯಿಂದ ಮತ್ತೆ ಮೂರು ದಿನ.

ಫೋನ್ ಇಟ್ಟ ಮೇಲೆ ಅವಳಿಗೆ ಒಂದೇ ಯೋಚನೆ. "ಚೂರು ಯಾರಿಗಿ ಕೊಡ್ಲಿ?"

 ಎರಡು ದಿನ ಅವಳು ಮೊದಲ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಖೋಲಿಗೆ ತಂದು, ಸಂಜೆ ಮನೆಯೊಡತಿಯ ಗ್ಯಾಸಿಗೆ ಹಾಕಿದಳು. "ತಣ್ಣಗಾದ ಮ್ಯಾಲ ಕೊಟ್ಟಂಗಾತು" ಎಂದು ಅವಳಿಗೆ ಸಮಾಧಾನವಿರಲಿಲ್ಲ.

ಮೂರನೆಯ ದಿನ ಮ್ಯಾನೇಜರ್ ನನಗೊಂದು ಪಾಸ್ ಕೊಡಿಸಿದಳು. ಲಿಫ್ಟಿನ ಬಾಗಿಲು ತೆರೆದಾಗ ಇಡೀ ನಗರ ಕಾಲ ಕೆಳಗಿತ್ತು. ಬಂಡೆಗಳು, ಕೆರೆ, ದೂರದಲ್ಲಿ ನಮ್ಮ ಊರಿನ ಕಡೆ ಹೋಗುವ ದಾರಿ ದಾರದ ಎಳೆಯಂತೆ. ಹಾಲಿನ ನಡುವೆ, ಕೊಳವೆಯ ಕೆಳಗೆ, ಬಿಳಿ ಟೋಪಿ ಹಾಕಿಕೊಂಡು ನನ್ನ ಹೆಂಡತಿ. ಕೊರಳಲ್ಲಿ ಅವಳ ಹೆಸರಿನ ಕಾರ್ಡು. ಎದುರಿಗೆ ತಟ್ಟೆ ಹಿಡಿದ ಹುಡುಗ ಹುಡುಗಿಯರ ಉದ್ದ ಸಾಲು. ಸಾಲಿನ ಮುಂದೆ ಮೆಹಂದಿ ಗಡ್ಡದ ಅಧಿಕಾರಿ ನಿಂತಿದ್ದರು, ಪರೀಕ್ಷೆಗೆಂದು.

ಅವಳು ಹಿಟ್ಟಿನ ಒಂದು ಚೂರು ತೆಗೆದಳು. ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಚೂರನ್ನು ಅಂಗೈಯಲ್ಲಿ ತಟ್ಟಿ, ಬೆರಳಗಲದ ಪುಟ್ಟ ರೊಟ್ಟಿ ಮಾಡಿ, ಕಾದ ಹಲಗೆಯ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಒತ್ತಿದಳು. ಹೊಗೆ ಬರಲಿಲ್ಲ. ಅದು ಉಬ್ಬಿತು. ತುಪ್ಪ ಸವರಿ ಅವರ ಮುಂದೆ ಹಿಡಿದಳು.

"ತಿನ್ರಿ ಸಾಬ್. ಇಲ್ಲಿ ಒಲಿ ಇಲ್ಲ. ಹಸಿದ ಹೊಟ್ಟಿನೂ ಬೆಂಕಿನೇ. ಇವತ್ತಿನ ಒಲಿ ನೀವು."

ಕನ್ನಡದಲ್ಲೇ ಹೇಳಿದಳು. ಅವರಿಗೆ ಎಷ್ಟು ಅರ್ಥವಾಯಿತೋ. ವಾಕಿಟಾಕಿಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಯಿಗೆ ಹಾಕಿದರು. ಸಾಲು ಪೂರ್ತಿ ಕಾಯುತ್ತಿತ್ತು. ಅವಳು ಕೈಮುಗಿದು ನಿಂತು, ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ಒಲೆಯೊಳಗಿನ ಚೂರನ್ನು ನೋಡುತ್ತಿದ್ದ ಕಣ್ಣಿನಿಂದಲೇ ಅವರ ಬಾಯಿಯನ್ನು ನೋಡುತ್ತಿದ್ದಳು. ಅವರು ಅಗಿದರು, ನುಂಗಿದರು, ತಲೆಯಾಡಿಸಿದರು.

ಅವಳು ಅಂಗೈಗೆ ಹಿಟ್ಟು ಹಚ್ಚಿಕೊಂಡು ಮೊದಲ ರೊಟ್ಟಿ ತಟ್ಟತೊಡಗಿದಳು.